ಹದಿನಾಲ್ಕನೇ ಕಂಬ

ಆರನೇ ಕಂಬ ದಾಟಿತು, ಹೊಗೆ ಬಿಡಲಿಲ್ಲ. ಏಳು ದಾಟಿತು, ಎಂಟು ದಾಟಿತು, ಆಗಲೂ ಬಿಡಲಿಲ್ಲ. ರೋಪ್‌ವೇ ಗಾಡಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದ ಕಂಬದ ಮಾವ ಗಾಜನ್ನು ತೋಳಿನಿಂದ ಒರೆಸಿ ಮತ್ತೆ ನೋಡಿದರು.

"ಅಯ್ಯೋ, ಇದೇನಪ್ಪಾ ಇದು!" ಎಂದರು, ಖಾಲಿ ಗಾಡಿಗೆ.

ಬೆಳಿಗ್ಗೆ ಏಳು ಗಂಟೆಗೆ ಮೊದಲ ಗಾಡಿಯಲ್ಲಿ ಒಬ್ಬರೇ ಮೇಲೆ ಹೋಗಿ ಹಗ್ಗ, ಗಾಲಿ, ಕಂಬಗಳೆಲ್ಲ ಸರಿಯಾಗಿವೆಯೇ ಎಂದು ನೋಡುವುದು ಮಾವನ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಊರು ದೊಡ್ಡದು, ಸುತ್ತಲೂ ಬೆಟ್ಟ. ಬಾಣಲೆಯ ತಳದಲ್ಲಿ ಕೂತ ಹಾಗೆ ಕೂತಿದೆ. ಚಳಿಗಾಲದಲ್ಲಿ ಗಾಳಿ ನಿಂತಿತೆಂದರೆ ಮುಗಿಯಿತು, ಲಾರಿ, ಬಸ್ಸು, ಇಟ್ಟಿಗೆಗೂಡು, ಮನೆಮನೆಯ ಒಲೆ ಎಲ್ಲದರ ಹೊಗೆಯೂ ಆ ಬಾಣಲೆಯಲ್ಲೇ ಠಿಕಾಣಿ ಹೂಡುತ್ತದೆ. ಅರ್ಧ ಬೆಟ್ಟ ಏರಿದರೆ ಮಾತ್ರ ಗಾಡಿ ಹೊಗೆಯಿಂದ ಹೊರಬಂದು ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಇವತ್ತು ಯಾವ ಕಂಬದ ಹತ್ತಿರ ಹೊರಬಂದೆ ಎನ್ನುವುದನ್ನು ಮಾವ ಮೇಲಿನ ಯಂತ್ರದ ಕೋಣೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಯಾರೂ ಬರೆಯಲು ಹೇಳಿರಲಿಲ್ಲ, ಅದೊಂದು ಚಟ. ಕೆಳಗಿನ ನಿಲ್ದಾಣದ ಬಳಿಯ ಇಸ್ತ್ರಿಯವನಂತೂ "ಮಾವ, ಇವತ್ತು ಎಷ್ಟನೇ ಕಂಬ?" ಎಂದು ಕೇಳದೆ ಮಾಳಿಗೆಯ ಮೇಲೆ ಒಂದು ಬಟ್ಟೆ ಹರವುತ್ತಿರಲಿಲ್ಲ. ಹಾಗೆ ಅಂಟಿದ ಹೆಸರು ಕಂಬದ ಮಾವ.

ಈ ಸಲದ ಹೊಗೆಗೆ ಇವತ್ತಿಗೆ ನಲವತ್ತೊಂದು ದಿನ. ಮಾವನ ಮೊಮ್ಮಗಳಿಗೂ ಅಷ್ಟೇ ವಯಸ್ಸು. ಆಸ್ಪತ್ರೆಯಿಂದ ಕಂಬಳಿಯಲ್ಲಿ ಸುತ್ತಿ ತಂದದ್ದೇ ತಂದದ್ದು, ಮಗು ಹೊಸಿಲು ದಾಟಿರಲಿಲ್ಲ. ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದ್ದರು. ಮಗು ಒಂದು ಸಲ ಸೀನಿದರೆ ಇಡೀ ಮನೆ ಎದ್ದು ನಿಲ್ಲುತ್ತಿತ್ತು. ಅಜ್ಜಿ, ಅಂದರೆ ಮಾವನ ಹೆಂಡತಿ, ಎಣಿಸುತ್ತಿದ್ದಳು, ಮೊನ್ನೆ ಹದಿನೇಳು, ನಿನ್ನೆ ಇಪ್ಪತ್ತು. ಪುಟ್ಟ ಎದೆಯಲ್ಲಿ ಗೊರಗೊರ ಶುರುವಾದಾಗ ಡಾಕ್ಟರಮ್ಮ ಮುಲಾಜಿಲ್ಲದೆ ಹೇಳಿದ್ದರು: "ಎರಡು ದಿನ ನೋಡಿ. ಹೊಗೆ ಹೋಗ್ಲಿಲ್ಲ ಅಂದ್ರೆ ಮಗೂನ ಬೆಟ್ಟ ದಾಟಿಸಿ. ಚಳಿಗಾಲ ಮುಗಿಯೋ ತನಕ ಈ ಕಡೆ ತಲೆ ಹಾಕ್ಬೇಡಿ."

ಆ ಎರಡು ದಿನ ನಿನ್ನೆಗೆ ಮುಗಿದಿತ್ತು. ಕಡಲ ಕಡೆಯ ಊರಿನಲ್ಲಿ ಅಳಿಯನ ಅಕ್ಕನ ಮನೆ. ಇವತ್ತು ಹತ್ತೂವರೆಯ ಬಸ್ಸು. ಚಳಿಗಾಲ ಮುಗಿಯಲು ಇನ್ನೂ ಮೂರು ತಿಂಗಳು. ಅಷ್ಟರಲ್ಲಿ ಮಗು ನಗಲು ಕಲಿಯುತ್ತದೆ, ಬೋರಲು ಬೀಳುತ್ತದೆ, ಮುಖ ನೋಡಿ ಗುರುತು ಹಿಡಿಯುತ್ತದೆ, ಅದೂ ಬೇರೆ ಯಾರದೋ ಮುಖವನ್ನು. ಎರಡನೇ ಕಂಬದ ಪಕ್ಕದಲ್ಲೇ ಮಾವನ ಮನೆ, ಗಾಡಿಯಿಂದ ನೋಡಿದರೆ ಮಾಳಿಗೆ ಅಂಗೈಯಷ್ಟು ಕಾಣುತ್ತದೆ. ಮಗಳು ಬಸುರಿಯಾದ ದಿನವೇ ಹೇಳಿಬಿಟ್ಟಿದ್ದರು, "ಮಗೂನ ಬಿಸಿಲಿಗೆ ಎತ್ಕೊಂಡು ನಿಂತ್ಕೋ, ನಾನು ಮೇಲಿಂದ ನೋಡ್ತೀನಿ."

ಮೊದಲ ಗಾಡಿ ಒಂಬತ್ತನೇ ಕಂಬ ದಾಟಿತು. ಹತ್ತು, ಹನ್ನೊಂದು. ಕಡೆಗೆ ಹದಿನಾಲ್ಕನೆಯದೂ ಹೊಗೆಯೊಳಗೇ ಸರಿದುಹೋಗಿ, ಗಾಡಿ ಮೇಲಿನ ನಿಲ್ದಾಣಕ್ಕೆ ತಟ್ಟಿ ನಿಂತಿತು. ಅಲ್ಲೂ ಹೊಗೆ! ದಿನವೂ ಅಲ್ಲಿ ಸ್ವೆಟರ್ ಬಿಚ್ಚಿ ಮೊಳೆಗೆ ನೇತುಹಾಕಿ, ಬಿಸಿಲಿಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದ ಮಾವ ಇವತ್ತು ಸ್ವೆಟರ್ ಮೇಲೆ ಒಂದು ಶಾಲು ಹೊದ್ದರು. ಹಲ್ಲು ಕಟಕಟ ಎನ್ನುತ್ತಿತ್ತು. ಇಷ್ಟು ವರ್ಷದಲ್ಲಿ ಹೊಗೆ ಹತ್ತನೇ ಕಂಬ ದಾಟಿದ್ದನ್ನು ಅವರು ಕಂಡಿರಲಿಲ್ಲ. ಗೋಡೆಯ ಮೇಲೆ ಹದಿನಾಲ್ಕು ಎಂದು ಬರೆದು ಮನೆಗೆ ಫೋನ್ ಮಾಡಿದರು.

"ಮಗಳೇ, ಹೊರಟುಬಿಡಿ. ಬೆಟ್ಟಾನೇ ಮುಳುಗಿಹೋಗಿದೆ. ಇನ್ನು ನನ್ನ ಮುಖ ನೋಡ್ತಾ ಕೂರಬೇಡಿ."

ಆ ಕಡೆ ಬ್ಯಾಗಿನ ಜಿಪ್ಪು ಎಳೆದ ಸದ್ದಾಯಿತು. ಅಜ್ಜಿ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಹತ್ತು ಗಂಟೆಗೆ ಅಳಿಯನ ಫೋನ್ ಬಂತು. ಅಳಿಯನಿಗೆ ಹವಾಮಾನ ಕಚೇರಿಯಲ್ಲಿ ಕೆಲಸ. ಬೆಳಗಾಗುವ ಮೊದಲೇ ಬಲೂನು ಹಾರಿಸಿ ಎಷ್ಟು ಎತ್ತರದಲ್ಲಿ ಎಷ್ಟು ಚಳಿ ಎಂದು ಅಳೆಯುತ್ತಿದ್ದ. "ಮೇಲೆ ಬಿಸಿ ಗಾಳಿ ಮುಚ್ಚಳದ ಹಾಗೆ ಕೂತಿದೆ ಮಾವ, ಕೆಳಗಿನ ತಣ್ಣನೆ ಗಾಳಿ ಅದನ್ನ ದಾಟಲ್ಲ. ಮುಚ್ಚಳ ಹೋಗ್ಬೇಕು, ಆಗ ಹೊಗೆ ಹೋಗುತ್ತೆ," ಎನ್ನುತ್ತಿದ್ದ. ಯಾವಾಗ ಹೋಗುತ್ತೆ ಎಂದರೆ ಉತ್ತರ ಒಂದೇ: ನಾಳೆ. ಅತ್ತೆ ಅವನಿಗೆ 'ನಾಳೆ ಅಳಿಯ' ಎಂದೇ ಹೆಸರಿಟ್ಟಿದ್ದಳು. "ಇವರ ನಾಳೆ ಬರೋ ಹೊತ್ತಿಗೆ ನನ್ನ ಮೊಮ್ಮಗಳ ಮದುವೆ ಆಗಿರುತ್ತೆ" ಎಂದು ಎದುರಿಗೇ ಅನ್ನುತ್ತಿದ್ದಳು. ಪಾಪ, ಅವನು ನಕ್ಕು ಸುಮ್ಮನಾಗುತ್ತಿದ್ದ. ಮಾವನ ಕಂಬದ ಲೆಕ್ಕಕ್ಕೆ ಮಾತ್ರ ಅವನು ಮೂರು ಕಾಸಿನ ಬೆಲೆಯನ್ನೂ ಕೊಡುತ್ತಿರಲಿಲ್ಲ. ಕಂಬ ಎಣಿಸುವುದು ವಿಜ್ಞಾನವಲ್ಲ ಎಂದು ಒಮ್ಮೆ ಊಟದ ನಡುವೆ ಅಂದದ್ದಕ್ಕೆ ಇಬ್ಬರೂ ಎರಡು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ.

"ಮಾವ, ಬಸ್‌ಸ್ಟ್ಯಾಂಡಿಗೆ ಬರಕ್ಕಾಗ್ಲಿಲ್ಲ. ಬೆಳಿಗ್ಗೆ ಹಾರಿಸಿದ ಬಲೂನು ಐದು ನಿಮಿಷಕ್ಕೆ ಸುದ್ದಿ ಕೊಡೋದು ನಿಲ್ಲಿಸ್ತು. ಮೇಲೆ ಏನಾಗಿದೆ ಒಂದೂ ಗೊತ್ತಾಗ್ತಿಲ್ಲ," ಎಂದ. ಆಮೇಲೆ ಸಂಕೋಚದಿಂದ ಕೇಳಿದ, "ಇವತ್ತು... ಎಷ್ಟನೇ ಕಂಬ?"

"ಎಲ್ಲಾ ಕಂಬಾನೂ ಹೋಯ್ತಪ್ಪ. ಹದಿನಾಲ್ಕೂ. ನಾನೇ ಹೊಗೆಯಲ್ಲಿ ಕೂತಿದೀನಿ."

"ಏನಂದ್ರಿ? ಮೇಲೆ ಚಳಿ ಇದ್ಯಾ?"

"ಚಳಿ ಅಂದ್ರೇನು, ಶಾಲು ಹೊದ್ಕೊಂಡಿದೀನಿ. ದಿನಾ ಅಂಗಿಯಲ್ಲಿ ಕೂರ್ತಿದ್ದೆ."

"ಅಲ್ಲಿಂದ ಕೆಳಗೆ ಎಷ್ಟು ಕಂಬ ಕಾಣ್ತಿವೆ? ಸರಿಯಾಗಿ ನೋಡಿ ಹೇಳಿ ಮಾವ."

ಮಾವ ಬಾಗಿಲಿಗೆ ಬಂದು ನೋಡಿದರು. ದಿನವೂ ಹೊಗೆಯ ಒಳಗೆ ಪಕ್ಕದ ಕಂಬವೂ ಕಾಣುತ್ತಿರಲಿಲ್ಲ. ಈಗ ಹದಿಮೂರು ಕಂಡಿತು, ಹನ್ನೆರಡು ಕಂಡಿತು, ಮಸುಕಾಗಿ ಹನ್ನೊಂದೂ ಕಂಡಿತು. ಹಾಗೆಂದು ಹೇಳಿದ್ದೇ ತಡ, ಅಳಿಯ ಫೋನಿನಲ್ಲಿ ಕೂಗಿದ ಕೂಗಿಗೆ ಮಾವ ಕಿವಿ ದೂರ ಮಾಡಿಕೊಂಡರು.

"ಮುಚ್ಚಳ ಹೋಯ್ತು ಮಾವ! ಮೇಲಿನ ಬಿಸಿ ಗಾಳಿ ಹೋಗಿದೆ, ಅದಕ್ಕೇ ನಿಮಗೆ ಚಳಿ! ಹೊಗೆ ಮುಳುಗಿಸ್ತಿಲ್ಲ, ಎದ್ದು ಹೊರಡ್ತಿದೆ! ಮೇಲೆ ಬಂದು ತೆಳ್ಳಗಾಗ್ತಿದೆ, ಮಧ್ಯಾಹ್ನ ಗಾಳಿ ಎದ್ರೆ ಪೂರ್ತಿ ಗುಡಿಸಿ ಹಾಕುತ್ತೆ!"

ಮಾವ ಗೋಡೆಯ ಮೇಲಿನ ಹದಿನಾಲ್ಕನ್ನು ತಿರುಗಿ ನೋಡಿದರು. ಇಷ್ಟು ವರ್ಷ ಕಂಬ ಎಣಿಸಿದವರಿಗೆ ಹೊಗೆ ಹೊರಟು ನಿಂತಾಗಲೇ ಗುರುತು ಸಿಗಲಿಲ್ಲವಲ್ಲ! ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯೋ, ಹೋಗಿ ಅಂತ ನಾನೇ ಬಾಯಾರೆ ಹೇಳಿದೀನಲ್ಲಪ್ಪಾ!"

ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಮಗಳು ಫೋನ್ ಎತ್ತಲಿಲ್ಲ. ಮಗು ಎದ್ದೀತೆಂದು ಸದ್ದು ಆರಿಸಿ ಬ್ಯಾಗಿನ ತಳಕ್ಕೆ ಹಾಕಿದ್ದಳು. ಅಜ್ಜಿಯ ಫೋನ್ ಎಂದಿನಂತೆ ಮನೆಯ ದಿಂಬಿನ ಕೆಳಗೇ ಇತ್ತು. ಕೆಳಗಿನ ನಿಲ್ದಾಣಕ್ಕೆ ಆತುಕೊಂಡೇ ಬಸ್‌ಸ್ಟ್ಯಾಂಡು. ಮಾವ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಅಕ್ಕನಿಗೆ ಫೋನ್ ಹಚ್ಚಿ ಉಸಿರು ಬಿಡದೆ ವಿಷಯ ಹೇಳಿದರು. ಟಿಕೆಟ್ ಅಕ್ಕ ಅರ್ಧ ಕೇಳಿಸಿಕೊಂಡು ಮೈಕು ಎಳೆದುಕೊಂಡಳು.

"ಹತ್ತೂವರೆ ಬಸ್ಸಲ್ಲಿ ಮಗು ಎತ್ಕೊಂಡು ಕೂತಿರೋ ಕಂಬದ ಮಾವನ ಮಗಳು ತಕ್ಷಣ ಇಳೀಬೇಕು! ಹದಿನಾಲ್ಕೂ ಕಂಬ ಮುಳುಗಿದೆ! ಸಂತೋಷದ ಸುದ್ದಿ!"

ಬಸ್‌ಸ್ಟ್ಯಾಂಡಿನ ಜನ, ಈಕೆಗೆ ಹೊಗೆ ತಲೆಗೇರಿದೆ ಎಂದುಕೊಂಡರು. ಮಗಳು ಗಾಬರಿಯಾಗಿ ಬ್ಯಾಗು ತಡಕಿ ಫೋನ್ ಮಾಡಿದಳು.

"ಏನಪ್ಪಾ ಇದು! ಬೆಳಿಗ್ಗೆ ಹೋಗು ಅಂದೆ, ಈಗ ಇಳಿ ಅಂತೀಯ."

"ಬೆಳಿಗ್ಗೆ ಹೇಳಿದ್ದು ನನ್ನ ದಡ್ಡತನ ಕಣಮ್ಮ. ಈಗ ಹೇಳ್ತಿರೋದು ನಿನ್ನ ಗಂಡನ ಮಾತು. ಹೊಗೆ ಹೋಗುತ್ತಂತೆ."

ಅಜ್ಜಿ ಫೋನ್ ಕಿತ್ತುಕೊಂಡಳು. "ನಾಳೆ ಹೋಗುತ್ತಂತಾ?"

"ನಾಳೆ ಅಲ್ಲ ಕಣೇ, ಇವತ್ತು! ಇವತ್ತು ಮಧ್ಯಾಹ್ನ ಅಂದಿದಾರೆ!"

ಆ ಕಡೆ ಕಂಡಕ್ಟರ್ ಸೀಟಿ ಊದಿದ. ಮಾವ ಕಣ್ಣು ಮುಚ್ಚಿಕೊಂಡರು. ಆಗ ಮಗಳ ದನಿ ಕೇಳಿತು: "ಅಮ್ಮಾ, ಬ್ಯಾಗ್ ಇಳಿಸು. ನನ್ನ ಮದುವೆಯಾಗಿ ನಾಲ್ಕು ವರ್ಷ ಆಯ್ತು, ಇವರಿಬ್ಬರೂ ಒಂದೇ ಮಾತು ಹೇಳಿದ್ದು ಇವತ್ತೇ." ಮತ್ತೆ ತಂದೆಗೆ ಹೇಳಿದಳು, "ಎರಡು ಗಂಟೆಗೆ ಇನ್ನೊಂದು ಬಸ್ಸಿದೆ ಅಪ್ಪ. ಅಷ್ಟರಲ್ಲಿ ಬಿಸಿಲು ಬರದಿದ್ರೆ ಹತ್ತಿಬಿಡ್ತೀನಿ. ಆಗ ಮೈಕಲ್ಲಿ ಕೂಗಿಸಬೇಡ."

ಹನ್ನೆರಡಾಯಿತು. ಹೊಗೆ ಇದ್ದಲ್ಲೇ ಇದ್ದಂತೆ ಕಂಡಿತು. ಅಳಿಯ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ "ಈಗ ಎಷ್ಟು ಕಂಬ?" ಎಂದು ಕೇಳುತ್ತಿದ್ದ, ಮಾವ ಎಣಿಸಿ ಹೇಳುತ್ತಿದ್ದರು. ಹತ್ತನೆಯದು ಕಂಡಿತು. ಒಂಬತ್ತು ಕಂಡು ಮತ್ತೆ ಮರೆಯಾಯಿತು. ಒಂದು ಗಂಟೆಗೆ ಮಾವ ನಿಲ್ದಾಣದ ಚಾವಣಿಯ ಕೆಂಪು ಬಾವುಟ ನೋಡಿದರು. ನಲವತ್ತೊಂದು ದಿನದಿಂದ ಕೋಲಿಗೆ ಜೋತುಬಿದ್ದಿದ್ದ ಆ ಬಟ್ಟೆ ಒಮ್ಮೆ ಮಿಸುಕಿತು. ಇನ್ನೊಮ್ಮೆ ಮಿಸುಕಿತು. ಆಮೇಲೆ ಪಟ್ ಎಂದು ಬಿಚ್ಚಿಕೊಂಡು ಪಟಪಟ ಬಡಿಯತೊಡಗಿತು. ಶಾಲು ಹಾರಿ ಮಾವನ ಮುಖಕ್ಕೇ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಂಡು ನೋಡುವ ಹೊತ್ತಿಗೆ ಏಳನೇ ಕಂಬದವರೆಗೂ ದಾರಿ ತೆರೆದಿತ್ತು.

"ಬಂತಪ್ಪಾ, ಗಾಳಿ ಬಂತು! ನೀನೇ ಗೆದ್ದೆ!" ಎಂದು ಫೋನಿನಲ್ಲಿ ಕೂಗಿದರು.

"ನಾನಲ್ಲ ಮಾವ, ನಿಮ್ಮ ಕಂಬ," ಎಂದ ಅಳಿಯ. "ನಾಳೆ ನಿಮ್ಮ ಗೋಡೆ ನೋಡಕ್ಕೆ ಬರ್ತೀನಿ."

"ಮತ್ತೆ ನಾಳೆ ಅಂದ್ಯಲ್ಲೋ!" ಎಂದು ನಗುತ್ತಾ ಮಾವ ಕೆಳಗಿಳಿಯುವ ಗಾಡಿ ಹತ್ತಿದರು.

ಐದನೇ ಕಂಬದ ಹೊತ್ತಿಗೆ ಊರು ಕಂಡಿತು. ನೀರಿನ ಟ್ಯಾಂಕು, ಶಾಲೆಯ ಅಂಗಳ, ತಗಡಿನ ಚಾವಣಿಗಳು, ಎಲ್ಲ ತೊಳೆದಿಟ್ಟ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ಜನ ಬೀದಿಗೆ ಬಂದು ಸುಮ್ಮನೆ ಮೇಲೆ ನೋಡುತ್ತಾ ನಿಂತಿದ್ದರು. ಗಾಡಿಯ ಪಕ್ಕದಲ್ಲಿ, ಕೆಳಗೆ, ಏನೋ ಕಪ್ಪಗೆ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾ ಬರುತ್ತಿತ್ತು. ಏನೆಂದು ಮಾವ ಬಾಗಿ ನೋಡಿದರು. ತಮ್ಮದೇ ಗಾಡಿಯ ನೆರಳು. ಅದನ್ನು ಕಂಡು ಎಷ್ಟು ದಿನವಾಗಿತ್ತು!

ಎರಡನೇ ಕಂಬ ಹತ್ತಿರವಾಯಿತು. ಅಂಗೈಯಷ್ಟು ಮಾಳಿಗೆಯ ಮೇಲೆ ಮಗಳು ನಿಂತಿದ್ದಳು, ಅವಳ ತೋಳಿನಲ್ಲಿ ಒಂದು ಬಿಳಿ ಗಂಟು. ಮಾವ ಗಾಜಿಗೆ ಎರಡೂ ಕೈ ಒತ್ತಿದರು. ಬೀಸಲು ಮರೆತೇಹೋಯಿತು. ನೆರಳು ಸರಿದು ಬಂದು ತಾಯಿ ಮಗುವಿನ ಮೇಲೆ ಹಾದು ಮುಂದೆ ಹೋಯಿತು. ಫೋನ್ ಬಡಿದುಕೊಂಡಿತು.

"ಏನ್ರೀ, ನಿಮ್ಮ ಗಾಡಿ ನೆರಳು ಹೋಗಿ ಬಿಸಿಲು ಬಿದ್ದಿದ್ದೇ ಮಗು ಸೀನ್ತು ಕಣ್ರಿ!" ಅಜ್ಜಿ ನಗುತ್ತಿದ್ದಳು.

"ಎಷ್ಟು ಸಲ?"

"ಯಾರಿಗೆ ಗೊತ್ತು, ಯಾರು ಎಣಿಸ್ತಾರೆ!"

ಮುಂದಿನ ಮಾಳಿಗೆಯ ಮೇಲೆ ಇಸ್ತ್ರಿಯವನು ತೊಳೆದ ಬಿಳಿ ಚಾದರಗಳನ್ನು ಒಂದೊಂದಾಗಿ ಕೊಡವಿ ಹಗ್ಗಕ್ಕೆ ಹಾಕುತ್ತಿದ್ದ. ಗಾಡಿಯ ನೆರಳು ಒಂದು ಚಾದರದಿಂದ ಇನ್ನೊಂದಕ್ಕೆ ದಾಟುತ್ತಾ ಹೋಯಿತು.