ಕಂಬಳಿಯೊಳಗಿನ ಮುಳ್ಳು

ರಾಮಸಮುದ್ರದ ಬಾಲಪ್ಪನ ಎಡಗೆನ್ನೆ ಯಾವಾಗಲೂ ಕೆಂಪಗಿರುತ್ತಿತ್ತು. ಹೆಂಡತಿ ಬಾರಿಸಿದ್ದೆಂದು ಊರಿನ ಪುಂಡರು ನಗುತ್ತಿದ್ದರು. ನಿಜವಾಗಿ ಅದು ಕಂಬಳಿ ತಿಕ್ಕಿ ತಿಕ್ಕಿ ಆದ ಕೆಂಪು. ಅದರ ಬಗ್ಗೆ ಬಾಲಪ್ಪನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಅವನದು ಕುರಿ ಸಾಕುವ ಮನೆತನ. ಕಂಬಳಿ ನೇಯುವುದು ಅವನ ಕೆಲಸ, ಉಣ್ಣೆ ಆರಿಸಿ ನೂಲುವುದು ಹೆಂಡತಿ ಶೇಖಮ್ಮನ ಕೆಲಸ. ಮೇಯುವ ಕುರಿಯ ಉಣ್ಣೆಗೆ ನೆಗ್ಗಿಲ ಮುಳ್ಳು ಅಂಟಿಕೊಳ್ಳುವುದು ಸಹಜ, ಆರಿಸಿ ಎಸೆಯುವುದೂ ಸಹಜ. ಆದರೆ ಒಂದು ವರ್ಷ, ನೇಯ್ದು ಮುಗಿಸಿದ ಕಂಬಳಿಯಲ್ಲಿ ಒಂದು ಮುಳ್ಳು ಸಿಕ್ಕಿತು. ಯಾರಿಗೂ ಚುಚ್ಚಿರಲಿಲ್ಲ. ಆದರೂ ಅದು ಶೇಖಮ್ಮನ ತಲೆಯಲ್ಲಿ ನೆಟ್ಟು ಕೂತಿತು. ಎಳೆಗೂಸಿನ ಕಣ್ಣಿಗೆ ಚುಚ್ಚಿದ್ದರೆ? ಆರಿಸಿದ್ದನ್ನೇ ಮತ್ತೆ ಆರಿಸಿದಳು, ನೂತ ನೂಲನ್ನು ಬಿಚ್ಚಿ ನೋಡಿದಳು. ಕೈಗೆ ಮುಳ್ಳಿನ ಚೂರು ಅಂಟಿರಬಹುದೆಂದು ತೊಳೆದು ತೊಳೆದು ಅಂಗೈ ಬಿರುಕುಬಿಟ್ಟವು. ಓಣಿಯ ಮಕ್ಕಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು.

“ಏನ್ರಿ, ಇದ್ರಾಗ ಮುಳ್ಳ ಇಲ್ಲಲ್ರಿ?”

ಹೀಗೆ ಕೇಳಿದಾಗಲೆಲ್ಲ ಬಾಲಪ್ಪ ಮಗ್ಗದಿಂದ ಎದ್ದು ಬಂದು, ಕಂಬಳಿಯನ್ನು ಉದ್ದಕ್ಕೂ ತನ್ನ ಕೆನ್ನೆಗೆ ತಿಕ್ಕಿ, “ಇಲ್ಲ ಮಾರಾಯ್ತಿ, ಬೆಣ್ಣಿ ಆಗ್ಯಾದ” ಅನ್ನುತ್ತಿದ್ದ. ಶೇಖಮ್ಮನ ಮುಖ ಅರಳುತ್ತಿತ್ತು. ಅವನು ಮರಳಿ ಮಗ್ಗಕ್ಕೆ ಕೂರುವಷ್ಟರಲ್ಲಿ ಮತ್ತೆ ಬಾಡುತ್ತಿತ್ತು. ಅವನು ಮತ್ತೆ ಏಳುತ್ತಿದ್ದ. ಬೇಸರವಿಲ್ಲ, ಸಿಟ್ಟಿಲ್ಲ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಅವನೇ ಅಂದುಕೊಳ್ಳುತ್ತಿದ್ದ.

ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಬಂದರು. ಅಲ್ಲಿದ್ದಷ್ಟು ಹೊತ್ತು ಅವಳ ಮನಸ್ಸು ಹಗುರಾಗಿತ್ತು. ಮನೆಗೆ ಬಂದು ಉಣ್ಣೆ ಕಂಡದ್ದೇ ತಡ, ಕೈ ತಾನಾಗಿ ಹುಡುಕತೊಡಗಿತು.

ಯಾದಗಿರಿ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತದಂತೆ ಎಂದು ಚಾವಡಿಯಲ್ಲಿ ಬಿಸಿಬಿಸಿ ಮಾತು ನಡೆದಿದ್ದ ವರ್ಷ ಅದು. ಸೀಮೆ ಎಲ್ಲಿಗಾದರೂ ಸೇರಲಿ, ಬಾಲಪ್ಪನ ಮನೆಯಲ್ಲಿ ಕೂಸು ಅಜ್ಜಿಯ ಕೈಗೆ ಸೇರುತ್ತಿರಲಿಲ್ಲ. ಮಗಳು ಭೀಮಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿತ್ತು. ಶೇಖಮ್ಮ ಬಾಗಿಲ ಬಳಿ ನಿಂತೇ ನೋಡಿದಳು. ಎತ್ತಿಕೋ ಅಂದರೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ನನ್ನ ಕೂಸು ಅಂದ್ರ ನಿನಗ ಹೇಸಿಕಿ ಏನವ್ವ?” ಭೀಮಮ್ಮ ಅತ್ತೇಬಿಟ್ಟಳು.

ಅಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೂಸು ತಂದೆಯ ಊರಿಗೆ ಹೊರಡುವಾಗ ಅಜ್ಜಿಯೇ ತನ್ನ ಕೈಯಾರೆ ತವರಿನ ಕಂಬಳಿಯಲ್ಲಿ ಸುತ್ತಿ ಎತ್ತಿಕೊಡಬೇಕು. ಅದು ಅವರ ಮನೆತನದ ಪದ್ಧತಿ. ಅಜ್ಜಿ ಮುಟ್ಟದ ಕೂಸು ಶಹಾಪುರದ ಬೀಗರ ಮನೆ ಹೊಕ್ಕರೆ ಅವರೇನು ತಿಳಿದಾರು?

ಬಾಣಂತನ ಮಾಡುತ್ತಿದ್ದ ಸೂಲಗಿತ್ತಿ ಹಜರಾಬೀ ಇದನ್ನೆಲ್ಲ ನೋಡಿದಳು. “ಬಾಲಪ್ಪಣ್ಣ, ಯಾದಗಿರಿ ದವಾಖಾನಿಗಿ ಹೊಸಾ ಡಾಕ್ಟರ್ ಬಂದಾನ, ಸುಲ್ತಾನಸಾಬ ಅಂತ. ಮೊದಲ ಹೈದ್ರಾಬಾದ್ದಾಗ ಹುಚ್ಚರ ದವಾಖಾನ್ಯಾಗ ಇದ್ದನಂತ.”

“ನನ್ನ ಹೇಣ್ತಿ ಹುಚ್ಚಿ ಅಲ್ಲ!”

“ಅಲ್ಲ ಅಂತ ಅವನ ಬಾಯಿಲೇ ಕೇಳ್ಕೊಂಡು ಬಾ, ಹೋಗು.”

ಯಾದಗಿರಿ ದವಾಖಾನೆಯಲ್ಲಿ ಡಾಕ್ಟರು ಅವಸರ ಮಾಡಲಿಲ್ಲ. ಶೇಖಮ್ಮ ಮೊದಲು ಮುಸುಮುಸು ಅತ್ತಳು. ಆಮೇಲೆ ಗಂಡನಿಗೂ ಹೇಳಿರದ ಮಾತು ಹೇಳಿದಳು. “ಮುಳ್ಳ ಇಲ್ಲ ಅಂತ ನನಗೂ ಗೊತ್ತದ್ರಿ ಸಾಬ್ರ. ಆದ್ರೂ ಮನಸ ‘ಇದ್ರ? ಇದ್ರ?’ ಅಂತದ್ರಿ. ಸುಮ್ಮನಾಗಂಗಿಲ್ಲ.”

“ನೀವು ಹುಚ್ಚರಲ್ಲವ್ವಾ. ಇದು ಒಂದು ಬ್ಯಾನಿ. ನಮ್ಮ ಮಂದ್ಯಾಗ ವಹಮ್ ಅಂತಾರ, ಬಿಡಲಾರದ ಸಂಶೆ. ನಿಮ್ಮಂಥಾ ಬಾಳ ಮಂದಿನ್ನ ನೋಡೀನಿ.”

ತನ್ನಂಥವರು ಇನ್ನೂ ಇದ್ದಾರೆ ಎಂಬುದನ್ನು ಕೇಳಿಯೇ ಶೇಖಮ್ಮನ ಅರ್ಧ ಭಾರ ಇಳಿಯಿತು. ಡಾಕ್ಟರು ಬಾಲಪ್ಪನ ಕಡೆ ತಿರುಗಿ, ಇವಳು ಕೇಳಿದಾಗ ನೀವೇನು ಮಾಡುತ್ತೀರಿ ಅಂದರು. ಬಾಲಪ್ಪ ಇದಕ್ಕೇ ಕಾಯುತ್ತಿದ್ದವನಂತೆ ಹೆಗಲ ಕಂಬಳಿ ಎಳೆದು ಕೆನ್ನೆಗೆ ತಿಕ್ಕಿ ತೋರಿಸಿದ. ಶಹಬ್ಬಾಸ್ ಅನ್ನುತ್ತಾರೆಂದು ಮುಖ ನೋಡಿದ.

“ಬ್ಯಾನಿಗಿ ಕೂಳ ಹಾಕವ್ರು ನೀವೇ ಅದೀರಲ್ರಿ,” ಅಂದರು ಡಾಕ್ಟರು. “ನೀವು ಇಲ್ಲ ಅಂದ ಕೂಡ್ಲೇ ಆಕಿಗಿ ಜರಾ ಸಮಾಧಾನ. ಅದು ತೀರಿದ್ ಮ್ಯಾಲ ಮತ್ತ ಹಸಿವು. ಇನ್ನ ಮ್ಯಾಲ ಉಣ್ಣಿ ಒಮ್ಮೆ ಆರಿಸೋದು, ಮತ್ತ ಮುಟ್ಟಬಾರ್ದು. ಅಂಜಿಕಿ ಬರಲಿ. ಬಂದದ್ದು ತಾನೇ ಇಳೀತದ. ಆಕಿ ಕೇಳಿದ್ರ ನೀವು ಇಲ್ಲ ಅನಬ್ಯಾಡ್ರಿ, ಅದ ಅನಬ್ಯಾಡ್ರಿ.”

“ಒಂದ್ ಬಾಟ್ಲಿ ಔಷಧನರೆ ಕೊಡ್ರಿ.”

“ಇದ್ಕ ಬಾಟ್ಲಿ ಇಲ್ರಿ. ಸಂತಿಗಿ ಬಂದಾಗೆಲ್ಲ ಇಬ್ರೂ ಬಂದು ಹೋಗ್ರಿ.”

ದಾರಿಯುದ್ದಕ್ಕೂ ಬಾಲಪ್ಪ ಸಿಡಿಮಿಡಿಗುಟ್ಟಿದ. ಇಷ್ಟು ವರ್ಷ ಕೆನ್ನೆ ಸವೆಸಿದ್ದಕ್ಕೆ ಇದೇ ಬಹುಮಾನವೇ? ಆದರೂ ಹೆಂಡತಿಯ ಬಿರುಕು ಅಂಗೈ ನೋಡಿ ಬಾಯಿ ಮುಚ್ಚಿಕೊಂಡ.

ನಿಜವಾಗಿ ಬಾಯಿ ಮುಚ್ಚಬೇಕಾದ ದಿನಗಳು ಆಮೇಲೆ ಬಂದವು. ಅವಳು ಕೇಳುತ್ತಿದ್ದಳು, ಅವನು ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ಮಗ್ಗದತ್ತ ಓಡುತ್ತಿದ್ದ. “ನಿಮ್ಮ ನಾಲಿಗಿಗಿ ಏನಾಗ್ಯಾದ? ಒಂದ್ ಮಾತ್ ಅನ್ರಿ!” ಎಂದು ಅವಳು ಬೈದಳು, ಬೇಡಿಕೊಂಡಳು, ಬೆವೆತಳು. ಒಂದು ದಿನ ತಡೆಯಲಾರದೆ ಕಂಬಳಿ ತಿಕ್ಕಿಯೇ ಬಿಟ್ಟ, ಮರುದಿನವಿಡೀ ಅವಳು ಕೇಳಿ ಕೇಳಿ ಅವನನ್ನು ಮಗ್ಗಕ್ಕೆ ಕೂರಲು ಬಿಡಲಿಲ್ಲ. ಡಾಕ್ಟರ ಮಾತು ಅವನಿಗೆ ಅರ್ಥವಾದದ್ದು ಅಂದು.

ಇನ್ನೊಮ್ಮೆ ಉತ್ತರ ಸಿಗದೆ ಅವಳು ಕಟ್ಟೆಯ ಮೇಲೆ ಬಿಗಿಯಾಗಿ ಕೂತಳು. ಬಹಳ ಹೊತ್ತಿನ ಮೇಲೆ ಒಳಗೆ ಬಂದು ಅಚ್ಚರಿಯಿಂದ ಅಂದಳು: “ಏನ್ರಿ, ಇಳೀತ್ರಿ. ತಾನೇ ಇಳೀತು.”

ಎಲ್ಲ ದಿನವೂ ಹಾಗೆ ಇಳಿಯಲಿಲ್ಲ. ಆದರೆ ಬಾಲಪ್ಪ ತಡೆಯಿಲ್ಲದೆ ಮಗ್ಗದಲ್ಲಿ ಕೂರತೊಡಗಿದ, ಶೇಖಮ್ಮ ಒಂದೇ ಸಲ ಆರಿಸಿ ನೂತ ನೂಲಿನಲ್ಲಿ ಕೂಸಿನ ಕಂಬಳಿ ಸಿದ್ಧವಾಯಿತು. ಕೂಸನ್ನು ಮಾತ್ರ ಅವಳು ಇನ್ನೂ ಮುಟ್ಟಿರಲಿಲ್ಲ.

ಭೀಮಮ್ಮ ಹೊರಡುವ ದಿನ ಬಂತು. ಯಾದಗಿರಿತನಕ ಗಾಡಿ, ಅಲ್ಲಿಂದ ಶಹಾಪುರಕ್ಕೆ ಮೋಟಾರು. ಎತ್ತು ಹೂಡಿಯಾಗಿತ್ತು. ಶೇಖಮ್ಮ ಕಂಬಳಿ ಹಿಡಿದು ಬಂದಳು. ಗಂಡನತ್ತ ತಿರುಗಿದಳು.

“ಏನ್ರಿ, ಇದ್ರಾಗ ಮುಳ್ಳ...”

ಬಾಲಪ್ಪನ ಕೆನ್ನೆ ಚುರುಗುಟ್ಟಿತು. ಒಂದೇ ಸಲ ತಿಕ್ಕಿದರೆ ಅವಳು ನಗುತ್ತಾ ಕೂಸನ್ನು ಎತ್ತಿಕೊಂಡಾಳು. ಅವನು ಎರಡೂ ಕೈ ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡ.

“ಇರಬೋದು, ಇಲ್ಲದೇ ಇರಬೋದು,” ಅಂದ. ಅವನ ಕಣ್ಣು ತುಂಬಿದ್ದವು.

ಶೇಖಮ್ಮ ಅವನನ್ನೇ ನೋಡಿದಳು. ಆಮೇಲೆ ಬಾಗಿ, ಕಟ್ಟೆಯ ಮೇಲೆ ಕೂತಿದ್ದ ಮಗಳ ಮಡಿಲಿನಿಂದ ಕೂಸನ್ನು ತೆಗೆದುಕೊಂಡು ಕಂಬಳಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು.

ಕೂಸು ಕಿಟಾರನೆ ಕಿರುಚಿತು.

ಬಾಲಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತ. ಶೇಖಮ್ಮನ ಬೆರಳು ಕಂಬಳಿಯ ಅಂಚಿಗೆ ಹೋಯಿತು, ಅಲ್ಲೇ ತಡೆದು ನಿಂತಿತು. ಬಿಚ್ಚಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು.

“ಕೂಸಂದ್ ಮ್ಯಾಲ ಅಳತಾವ,” ಎಂದು ತನಗೇ ಹೇಳಿಕೊಳ್ಳುವಂತೆ ಅಂದು ತೂಗತೊಡಗಿದಳು. ಕೂಸು ಅತ್ತಿತು, ಬಿಕ್ಕಿತು, ಅಜ್ಜಿಯ ಮುಖವನ್ನು ಪಿಳಿಪಿಳಿ ನೋಡಿ ಸುಮ್ಮನಾಯಿತು.

ಭೀಮಮ್ಮ ಗಾಡಿ ಹತ್ತಿ ಕೂತು ಕೈ ಚಾಚಿದಳು. “ಕೊಡವ್ವ, ಹೊತ್ತಾಗ್ಯಾದ.”

ಶೇಖಮ್ಮ ಕೊಡಲಿಲ್ಲ. ಕೂಸಿನ ಸಮೇತ ತಾನೇ ಗಾಡಿ ಹತ್ತಿದಳು.

“ಸರದು ಕೂಡು,” ಅಂದಳು ಮಗಳಿಗೆ. “ಮೋಟಾರ್ ಬರೂತನಾ ನನ್ನ ಕೈಯಾಗೇ ಇರ್ಲಿ.”