ವಾಮನಣ್ಣನ ಸೊಂಟ ಕಚ್ಚಿದ ಕೊಂಡಿ

ನಾನು ಒಂದು ಹಿತ್ತಾಳೆಯ ಕೊಂಡಿ. ನಾನು ಹುಟ್ಟಿದ ಎರಕದ ಮನೆಯವರು ಯಾರೂ ಕಡಲು ಕಂಡವರಲ್ಲ. ಮಣ್ಣಿನ ಅಚ್ಚಿನೊಳಗೆ ಕೆಂಪಗೆ ಸುರಿದರು, ತಣಿದ ಮೇಲೆ ಅರ ಹಾಕಿ ಉಜ್ಜಿದರು, ಹೊಟ್ಟೆಯೊಳಗೆ ಪುಟ್ಟದೊಂದು ಸ್ಪ್ರಿಂಗ್ ಇಟ್ಟರು. ಹೆಬ್ಬೆರಳಿನಿಂದ ಗುಂಡಿ ಎಳೆದರೆ ಬಾಯಿ ತೆರೆಯುತ್ತೇನೆ, ಬಿಟ್ಟರೆ ಮುಚ್ಚುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಗುಣ ಕೊಟ್ಟು ಕಳಿಸುವ ದೇವರು ನನಗೆ ಹಿಡಿಯುವ ಗುಣ ಕೊಟ್ಟ.

ಬಂದರಿನ ಅಂಚಿನ ಅಂಗಡಿಯೊಂದರಲ್ಲಿ ಗಾಳ, ಸೀಸದ ಗುಂಡು, ಬಲೆಯ ನೂಲುಗಳ ನಡುವೆ ಬಹಳ ಕಾಲ ನೇತಾಡಿದೆ. ಅಲ್ಲಿಂದ ನನ್ನನ್ನು ಒಯ್ದವನು ಉದಯ. ಮೀನು ಮಾರುವ ಪದ್ದಕ್ಕನ ಮಗ. ವಾಮನಣ್ಣ ಎಂಬ ಗುತ್ತಿಗೆದಾರರ ಬಳಿ ಮುಳುಗು ಕೆಲಸಕ್ಕಿದ್ದ. ಮುಳುಗಿ ಹೋದ ದೋಣಿಗಳ ಹೊಟ್ಟೆಗೆ ನುಗ್ಗಿ ಇಂಜಿನ್, ನೀರು ತಳ್ಳುವ ಫ್ಯಾನು, ಸರಪಳಿ ಬಿಚ್ಚಿ ಮೇಲೆ ಕಳಿಸುವ ಕೆಲಸ ಅದು. ಉಸಿರಾಟದ ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಹೊತ್ತರೆ ಅಂಥ ಕಿರಿದಾದ ಕಂಡಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ ಎರಡು ಸಿಲಿಂಡರನ್ನು ಎರಡು ಬಗಲಿಗೆ ಕಟ್ಟಿಕೊಳ್ಳುತ್ತಾರೆ, ಅವಳಿ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿಯ ಹಾಗೆ. ಸಿಲಿಂಡರಿನ ಕುತ್ತಿಗೆಗೆ ರಬ್ಬರಿನ ಕುಣಿಕೆ, ಅದನ್ನು ಕೈಯಲ್ಲೇ ಜಾರಿಸಿ ತೆಗೆಯಬಹುದು. ಕೆಳಗಡೆ ಒಂದು ಉಕ್ಕಿನ ಪಟ್ಟಿ, ಪಟ್ಟಿಗೆ ಬೆರಳುದ್ದದ ನೈಲಾನ್ ಹುರಿ, ಹುರಿಯ ತುದಿಗೆ ನಾನು. ಸೊಂಟದ ಬೆಲ್ಟಿನ ಬಳೆಯನ್ನು ಕಚ್ಚಿ ಹಿಡಿಯುವುದು ನನ್ನ ಪಾಲಿನ ಸೇವೆ.

ಉದಯ ಮನೆಯ ಜಗಲಿಯಲ್ಲಿ ಕೂತು ಹುರಿ ಕಟ್ಟುತ್ತಿದ್ದ. ತಂಗಿ ಜಲಜ ಪಕ್ಕದಲ್ಲಿ ಕೂತು ಗಂಟು ಕಲಿಯುತ್ತಿದ್ದಳು.

"ಇಷ್ಟ್ ಸಪೂರದ ಹುರಿ ಎಂತಕಣ್ಣ? ತಂತಿ ಹಾಕುಕಾಗ್ದಾ?"

"ತಂತಿ ಹಾಕಿರೆ ನಿನ್ನ ಅಣ್ಣ ಕೆಳ್ಗೇ ಮನಿ ಕಟ್ಕಣ್ಕ್. ಕೊಂಡಿ ಬಾಯ್ ಬಿಡ್ದೆ ಹಟ ಹಿಡ್ದ್ರೆ ಕತ್ತಿ ತೆಗ್ದ್ ಹುರಿ ಕೊಯ್ಯೂಕೆ ಆಯ್ಕಲೆ."

ನನಗೆ ಸ್ವಲ್ಪ ಅವಮಾನವಾಯಿತು. ನಾನೇಕೆ ಹಟ ಹಿಡಿಯಲಿ ಎಂದುಕೊಂಡೆ.

ಒಂದು ದಿನ ಬೇರೆಯವನೊಬ್ಬನ ಹುರಿ ಸವೆದು ತುಂಡಾಗಿ ಸಿಲಿಂಡರು ಆಳದ ಕೆಸರಿಗೆ ಬಿದ್ದುಹೋಯಿತು. ವಾಮನಣ್ಣನಿಗೆ ಸಿಟ್ಟು ನೆತ್ತಿಗೇರಿತು. ಎಲ್ಲ ಕೊಂಡಿಗಳ ಹುರಿ ಕಿತ್ತು ಉಕ್ಕಿನ ತಂತಿ ಸುತ್ತಿಸಿದರು. "ಇನ್ ಯಾವ್ದ್ ಬಿದ್ ಹೋತ್ತ್ ಕಾಂಬ" ಎಂದರು. ಉದಯ ಬೇಡವೆಂದ. "ನಿಂಗೆ ಹೆದ್ರಿಕೆ ಆರೆ ಮನೆಯಂಗ್ ಕೂಕೋ" ಎಂದರು. ಅವನು ಕೂರಲಿಲ್ಲ.

ಆ ವಾರವೇ ಮುಳುಗಿದ ದೋಣಿಯೊಂದರ ಇಂಜಿನ್ ಕೋಣೆಯಲ್ಲಿ ಹರಿದ ಬಲೆ ನಮ್ಮಿಬ್ಬರನ್ನೂ ಸುತ್ತಿಕೊಂಡಿತು. ಬಲೆಯ ನೂಲು ನನ್ನ ಬಾಯೊಳಗೆ ತುರುಕಿಕೊಂಡಿತು, ಮರಳು ಸ್ಪ್ರಿಂಗಿಗೆ ಸೇರಿತು. ಅವನು ಗುಂಡಿ ಎಳೆದ, ನಾನು ತೆರೆಯಲಿಲ್ಲ. ತೆರೆಯಲು ಆಗಲಿಲ್ಲ. ಪದರ ಪದರ ಬಲೆ ಕೊಯ್ದು ಮುಗಿಯುವಂಥದ್ದಲ್ಲ, ಅವನು ಕತ್ತಿ ತೆಗೆದು ತಂತಿಯ ಮೇಲೆ ಹಾಕಿದ. ಹಾಕಿದ, ಹಾಕಿದ. ಉಕ್ಕು ಉಕ್ಕನ್ನು ಉಜ್ಜುವ ಆ ಸದ್ದು ನನ್ನ ಮೈಯೊಳಗೆ ಇಂದಿಗೂ ಇದೆ. ಎರಡೂ ಸಿಲಿಂಡರು ಬರಿದಾದವು. ಸದ್ದು ನಿಂತಿತು. ಅವನ ಸೊಂಟವನ್ನು ನಾನು ಹಿಡಿದೇ ಇದ್ದೆ.

ಅವನನ್ನು ಮೇಲೆತ್ತಿದ ಮೇಲೆ ನನ್ನನ್ನು ಬಿಡಿಸಿ ವಾಮನಣ್ಣನ ಶೆಡ್ಡಿಗೆ ಒಯ್ದರು. ಮೀನು ಹರಾಜಿನ ಕಟ್ಟೆಯಲ್ಲಿ ಎಲ್ಲರ ಮುಂದೆ ವಾಮನಣ್ಣ ಹೇಳಿದರು: "ಕತ್ತಿ ಕೈಯಗೇ ಇತ್ತ್ ಮಾರಾಯ್ರೆ. ಹೆದ್ರಿ ತಲೆ ಕೆಟ್ಟ್ ಸತ್ತ. ಎಂತ ಮಾಡೂದ್."

ಊರು ಅದನ್ನೇ ನಂಬಿತು. ಮೂರು ತಲೆಮಾರು ಕಡಲಿಗಿಳಿದ ಮನೆಯ ಹುಡುಗ ನೀರಿಗೆ ಹೆದರಿ ಸತ್ತನಂತೆ. ಪದ್ದಕ್ಕ ಮೀನು ಬುಟ್ಟಿ ಹೊತ್ತು ಹೋದರೆ ಹೆಂಗಸರು ಪಾಪ ಎನ್ನುತ್ತಿದ್ದರು. ಆ ಪಾಪ ಎಂಬ ಮಾತು ಅವಳಿಗೆ ಮಗನ ಸಾವಿಗಿಂತ ಹೆಚ್ಚು ಚುಚ್ಚಿತು. ಅಂದೇ ನಾನು ಸಂಕಲ್ಪ ಮಾಡಿದೆ. ಕಡಲ ತಾಯಿ, ಒಂದೇ ಒಂದು ಸಲ ವಾಮನಣ್ಣನ ಸೊಂಟ ನನ್ನ ಬಾಯಿಗೆ ಕೊಡು. ಆಮೇಲೆ ನನ್ನನ್ನು ತುಕ್ಕು ಹಿಡಿಸು, ಕರಗಿಸು, ಬೇಕಾದ್ದು ಮಾಡು.

ಜಲಜ ಅದೇ ಶೆಡ್ಡಿಗೆ ಕೆಲಸಕ್ಕೆ ಬಂದಳು. ಸಿಲಿಂಡರಿಗೆ ಗಾಳಿ ತುಂಬುವುದು, ಕೊಂಡಿ ಕಟ್ಟುವುದು. ಅಣ್ಣನನ್ನು ನುಂಗಿದ ಶೆಡ್ಡಿಗೆ ಹೇಗೆ ಬಂದಳೋ ಎಂದು ಊರು ಆಡಿಕೊಂಡಿತು. ನಾನು ಮಾತ್ರ ಹಿಗ್ಗಿದೆ. ಅವಳ ಕಣ್ಣು ನೋಡಿದರೆ ನನಗೆ ಜೊತೆ ಸಿಕ್ಕಿತು ಅನ್ನಿಸಿತು.

ಉದಯನ ನಂತರ ಮುಳುಗುವವರೆಲ್ಲ ಒಬ್ಬೊಬ್ಬರಾಗಿ ಕೆಲಸ ಬಿಟ್ಟಿದ್ದರು. ಹೊಸ ಗುತ್ತಿಗೆಯೊಂದು ಬಂದಾಗ ವಾಮನಣ್ಣನೇ ಇಳಿಯಬೇಕಾಯಿತು. ಪ್ರಾಯದಲ್ಲಿ ಅವರೂ ಒಳ್ಳೆಯ ಮುಳುಗುಗಾರರಾಗಿದ್ದರು. ಹೊರಡುವ ಮುನ್ನ ಶೆಡ್ಡಿನ ಬಾಗಿಲಲ್ಲಿ ನಿಂತು ಜಲಜಳನ್ನು ಕೇಳಿದರು.

"ಎಂತ ಹೆಣೆ, ಆಯ್ತಾ? ತಂತಿ ಬಿಗಿ ಸುತ್ತ್. ಸಿಲಿಂಡರ್ ಹೋರೆ ನಿನ್ನ ಅಪ್ಪ ಕೊಡುದಿಲ್ಲ."

"ಬಿಗಿ ಇತ್ತ್ ವಾಮನಣ್ಣ. ಎಳ್ದ್ ಕಾಣಿ."

ಅವರು ಎಳೆದು ನೋಡಿ ತಲೆಯಾಡಿಸಿದರು. ಆದರೆ ಅವಳು ತಂತಿ ಸುತ್ತಿರಲಿಲ್ಲ. ಎಡಕ್ಕೂ ಬಲಕ್ಕೂ ನೈಲಾನ್ ಹುರಿಯನ್ನೇ ಕಟ್ಟಿ, ಕಾಣದಂತೆ ಮೇಲೆ ಸೈಕಲ್ ಟ್ಯೂಬಿನ ತುಂಡು ಹೊದೆಸಿದ್ದಳು. ನಾನು ಒಳಗೊಳಗೇ ಕುದಿದೆ. ತಂತಿಯನ್ನು ಬಾಯ್ತುಂಬ ಕೇಳಿ ತೆಗೆದುಕೊಳ್ಳುತ್ತಿದ್ದಾರೆ, ಕೊಟ್ಟುಬಿಡಬಾರದೇ. ಅಣ್ಣನ ರಕ್ತ ಇಷ್ಟು ಬೇಗ ತಣ್ಣಗಾಯಿತೇ ಎಂದು ಅವಳನ್ನು ಶಪಿಸಿದೆ.

ಕೆಳಗೆ ಹೋದೆವು. ಹಾಳು ದೋಣಿಗಳ ಹೊಟ್ಟೆಯಲ್ಲಿ ಬಲೆ ಇಲ್ಲದ ಜಾಗ ಎಲ್ಲಿದೆ? ನಾನಿದ್ದ ಬಲ ಬಗಲಿನ ಸಿಲಿಂಡರಿಗೆ ಬಲೆಯ ಒಂದು ಸುತ್ತು, ನನ್ನ ಬಾಯಿಗೆ ಎರಡು ಸುತ್ತು. ವಾಮನಣ್ಣ ಕೈ ಚಾಚಿ ಗುಂಡಿ ಎಳೆದರು. ಸ್ಪ್ರಿಂಗಿನಲ್ಲಿ ಮರಳು ಇತ್ತೋ, ನನ್ನ ದ್ವೇಷವೇ ಇತ್ತೋ, ದೇವರಿಗೆ ಗೊತ್ತು. ನಾನು ತೆರೆಯಲಿಲ್ಲ. ಅವರ ಹೊಟ್ಟೆ ಜೋರಾಗಿ ಏರಿಳಿಯುವುದು ನನಗೆ ಸೊಂಟದಿಂದಲೇ ತಿಳಿಯಿತು. ಅದು ಹಿತವಾಗಿತ್ತು. ಸುಳ್ಳು ಹೇಳಲಾರೆ.

ಕತ್ತಿ ತೆಗೆದರು. ತಂತಿಯೆಂದೇ ನಂಬಿದ್ದರಿಂದ ಹಿಡಿಯನ್ನು ಬಲವಾಗಿ ಬಿಗಿದರು. ಟ್ಯೂಬಿನ ಮೇಲೆ ಕತ್ತಿ ಇಟ್ಟು ಒಂದೇ ಸಲ ಎಳೆದರು. ಹುರಿ ಬಾಳೆನಾರಿನ ಹಾಗೆ ತುಂಡಾಯಿತು. ಕುತ್ತಿಗೆಯ ಕುಣಿಕೆ ಜಾರಿಸಿದರು, ಬಲ ಸಿಲಿಂಡರು ಬಲೆಗೇ ಉಳಿಯಿತು. ಎಡ ಸಿಲಿಂಡರಿನ ಗಾಳಿಯ ಕೊಳವೆ ಬಾಯಿಗಿಟ್ಟು ಮೇಲೆ ಬಂದರು. ತುಂಡು ಹುರಿಯ ಬಾಲ ಬಿಟ್ಟುಕೊಂಡು ನಾನು ಅವರ ಸೊಂಟದಲ್ಲೇ ಉಳಿದೆ.

ದೋಣಿಯ ಹಲಗೆಯ ಮೇಲೆ ಅವರು ಕೆಮ್ಮುತ್ತ ಕೂತಿದ್ದಾಗ, ದೋಣಿಯಲ್ಲಿ ಜೊತೆಗೆ ಬಂದಿದ್ದ ಜಲಜ ಬಗ್ಗಿ ನನ್ನನ್ನು ಹಿಡಿದಳು.

"ಕತ್ತಿ ತಾಗ್ದ್ ಕೂಡ್ಲೆ ತುಂಡಾಯ್ತಾ ವಾಮನಣ್ಣ?"

"ಹೂಂ. ತಂತಿ ಅಲ್ಲ್ದಾ ಅದ್?"

"ಅಲ್ಲ. ಉದಯಣ್ಣ ಕಟ್ತಿದ್ನಲೆ, ಅದೇ ಹುರಿ. ಅವ್ನ ಕೈಯಗೂ ಕತ್ತಿ ಇತ್ತ್."

ಅವರು ಕೆಮ್ಮುವುದನ್ನು ನಿಲ್ಲಿಸಿದರು. ಬಗ್ಗಿ ಹುರಿಯ ಕೊಯ್ದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಸಂಜೆ ಪದ್ದಕ್ಕನ ಜಗಲಿಗೆ ಬಂದು ನನ್ನನ್ನು ಅವಳ ಮುಂದೆ ಇಟ್ಟರು. "ಅವ ಹೆದ್ರಿ ಸತ್ತದ್ದಲ್ಲ ಪದ್ದಕ್ಕ. ತಂತಿ ಹಾಕ್ಸದ್ದ್ ನಾನ್" ಎಂದರು.

ಪದ್ದಕ್ಕ ನನ್ನನ್ನು ಮುಟ್ಟಲಿಲ್ಲ. "ನನ್ನ ಮಗ ಹೆದ್ರುದಿಲ್ಲ ಅಂದೇಳಿ ನಂಗೆ ಗೊತ್ತಿತ್ತ್. ನಂಗೆ ಹೇಳೂದ್ ಬೇಡ. ಅವತ್ತ್ ಎಲ್ ನಿಂತ್ಕಂಡ್ ಹೇಳಿದ್ರಿ, ಅಲ್ಲೇ ನಿಂತ್ಕಂಡ್ ಹೇಳಿ. ಕೊಂಡಿಯೂ ಕೊಂಡ್ಹೋಯ್ನಿ. ನಿಮ್ಮ ಕಣ್ಣೆದ್ರಿಗೆ ಇರ್ಲಿ."

ಅವರು ಹೋದ ಮೇಲೆ ಮಗಳನ್ನು ಕೇಳಿದಳಂತೆ, "ನೀ ತಂತಿಯೇ ಹಾಕುಕಾಗ್ದಾ?"

"ಅವ್ರೂ ಹೆದ್ರಿ ಸತ್ರ್ ಅಂತಿದ್ರ್ ಅಮ್ಮಾ, ಊರಿನವ್ರ್."

ಮರುದಿನ ಹರಾಜಿನ ಕಟ್ಟೆಯಲ್ಲಿ ಬಂಗುಡೆಯ ರಾಶಿಯ ಪಕ್ಕ ನಿಂತು ವಾಮನಣ್ಣ ಹೇಳಿದರು. ಕೂಗುವವನು ಕೂಗು ನಿಲ್ಲಿಸಿದ. ಕೈಯೊಳಗಿದ್ದ ನಾನು ಅವರ ಬೆವರಿನಲ್ಲಿ ತೊಯ್ದೆ. ಹೆಂಗಸರ ಸಾಲಿನಲ್ಲಿ ಪದ್ದಕ್ಕ ಮಾತ್ರ ಮೀನು ಆರಿಸುವುದನ್ನು ಬಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಶೆಡ್ಡಿನ ಗೋಡೆಯ ಮೊಳೆಯಲ್ಲಿ, ಅವರ ಕುರ್ಚಿಯ ಎದುರಿಗೇ ಇದ್ದೇನೆ. ಕೆಲಸಕ್ಕೆ ಹೊಸಬರು ಬಂದಾಗಲೆಲ್ಲ "ಇದೆಂತದ್ ವಾಮನಣ್ಣ?" ಎಂದು ಕೇಳುತ್ತಾರೆ. ಅವರು ಮೊದಲಿಂದ ಕೊನೆತನಕ ಹೇಳಲೇಬೇಕು. ಬೇರೆ ಏನೋ ಹೇಳಿ ತಪ್ಪಿಸಿಕೊಳ್ಳೋಣವೆಂದರೆ ಗಾಳಿ ತುಂಬುವ ಯಂತ್ರದ ಪಕ್ಕದಿಂದ ಜಲಜ ತಲೆ ಎತ್ತಿ ನೋಡುತ್ತಾಳೆ.

ಕೊಲ್ಲಲು ಬಯಸಿದವನು ನಾನು. ಅವಳು ನನಗಿಂತ ದೊಡ್ಡ ಲೆಕ್ಕದವಳು. ಸತ್ತಿದ್ದರೆ ಅವರು ಒಂದೇ ಸಲ ಸಾಯುತ್ತಿದ್ದರು. ಕ್ಷಮೆ ದೊಡ್ಡದು ಎಂದು ಹಿರಿಯರು ಹೇಳುತ್ತಾರೆ. ದೊಡ್ಡದೇ ಇರಬೇಕು, ಕೈ ಮುಗಿಯುತ್ತೇನೆ. ಆದರೆ ಉಪ್ಪುಗಾಳಿಗೆ ನನ್ನ ಮೈಯೆಲ್ಲ ಹಸಿರು ಕಿಲುಬು ಕಟ್ಟಿದೆ, ಸ್ಪ್ರಿಂಗು ಸೆಟೆದಿದೆ. ಈಗ ಯಾರು ಎಳೆದರೂ ನನ್ನ ಬಾಯಿ ತೆರೆಯುವುದಿಲ್ಲ. ತೆರೆಯಬೇಕೆಂಬ ಆಸೆಯೂ ನನಗಿಲ್ಲ.