ಮೂಳೆ ದಾಟಿದವಳು

“ನಿಧಾನ ಬದ್ರಿಯಾ, ಅದು ಮಗುವಿನ ತಲೆ,” ಎಂದರು ಡಾಕ್ಟರ್ ರಬಾಬ್.

ಬದ್ರಿಯಾಳ ಅಂಗೈಯಲ್ಲಿದ್ದದ್ದು ಮೊಟ್ಟೆಯ ಓಡಿನಷ್ಟು ತೆಳುವಾದ ಒಂದು ಚೂರು. ಅವಳು ಬ್ರಷ್ಷನ್ನು ಕೆಳಗಿಟ್ಟು ಉಸಿರಿನಿಂದಲೇ ಅದರ ಮಣ್ಣನ್ನು ಊದಿದಳು. ಗುಡ್ಡದ ಬುಡದ ಆ ಮಣ್ಣಿನ ಮನೆಯಲ್ಲಿ ಅಗೆದು ತೆಗೆದ ಮೂಳೆಗಳನ್ನು ಸ್ವಚ್ಛ ಮಾಡುವುದು ಅವಳ ಕೆಲಸ. ಊರ ಹೆಂಗಸರು ಅವಳ ಕೈಯ ಚಹಾ ಕುಡಿಯಲು ಹಿಂದೆಮುಂದೆ ನೋಡುತ್ತಿದ್ದರು. ಸಕ್ಕರೆ ಧಾರಾಳವಾಗಿ ಬಿದ್ದಿದ್ದರೆ ಮಾತ್ರ ಮೂಳೆಯ ಸಂಗತಿ ಮರೆತುಬಿಡುತ್ತಿದ್ದರು.

ಹಳೆಯ ಮೂಳೆಗಳ ತಜ್ಞೆ ಡಾಕ್ಟರ್ ರಬಾಬ್ ಕೈರೋದಿಂದ ಬಂದು ವಾರವಾಗಿತ್ತು. ಚಳಿಗಾಲದಲ್ಲಿ ಗೋರಿಗಳನ್ನು ಅಗೆದವರು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಟ್ಟು ಹೋಗಿದ್ದರು. ಈಕೆ ಈಗ ಒಂದೊಂದೇ ಪೆಟ್ಟಿಗೆ ಬಿಚ್ಚಿ, ಮೇಜಿನ ಮೇಲೆ ಮನುಷ್ಯರನ್ನು ಮತ್ತೆ ಜೋಡಿಸುತ್ತಿದ್ದರು. ಇವತ್ತು ಜೋಡಿಸಿದ್ದು ಒಬ್ಬ ಹೆಂಗಸನ್ನು. ಮೂರು ಸಾವಿರ ವರ್ಷದ ಹಿಂದಿನವಳು, ವಯಸ್ಸು ಹೆಚ್ಚೆಂದರೆ ಇಪ್ಪತ್ತೈದು. ರೊಟ್ಟಿಯೊಳಗಿನ ಮರಳು ಅಗಿದು ಅಗಿದು ಹಲ್ಲು ಸವೆದಿದ್ದವು. ತಲೆಯ ಮೇಲೆ ಭಾರ ಹೊತ್ತು ಕತ್ತಿನ ಮೂಳೆ ಅಮುಕಿಹೋಗಿತ್ತು. ಜಡೆಯ ಎಳೆಗಳಲ್ಲಿ ಹೇನಿನ ಸೀರು ಇನ್ನೂ ಕಚ್ಚಿಕೊಂಡಿತ್ತು. ಇದನ್ನು ಕೇಳಿ ಬದ್ರಿಯಾ ಬೆಳಿಗ್ಗೆ ನಕ್ಕಿದ್ದಳು. ಸೀರು ಬಿಟ್ಟರೆ ಇದು ನನ್ನದೇ ಚರಿತ್ರೆ ಎಂದಿದ್ದಳು.

ಈಗ ನಗು ಬರಲಿಲ್ಲ. ಡಾಕ್ಟರು ಅಗೆಯುವಾಗ ತೆಗೆದ ಫೋಟೋ ನೋಡುತ್ತ, ಚಿಕ್ಕ ಮೂಳೆಗಳನ್ನು ದೊಡ್ಡ ಸೊಂಟದ ಮೂಳೆಯ ಮೇಲೆ ಅಡ್ಡಲಾಗಿ ಇಡುತ್ತಿದ್ದರು.

“ಇವಳು ಹೆತ್ತವಳಲ್ಲ,” ಎಂದರು. “ಹೆರಲಾಗದೆ ಸತ್ತವಳು. ಮಗು ಅಡ್ಡ ಮಲಗಿದೆ ನೋಡು. ತಲೆ ಎಡಪಕ್ಕದಲ್ಲಿ, ಕಾಲು ಬಲಪಕ್ಕದಲ್ಲಿ. ಹೀಗಿದ್ದರೆ ಹೊರಗೆ ಬರೋದು ಹೇಗೆ?”

ಬದ್ರಿಯಾ ಕೈಯಲ್ಲಿದ್ದ ಚೂರನ್ನು ಮೇಜಿನ ಮೇಲಿಟ್ಟಳು. ಈ ಗೋರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಆರಿಸಿದ್ದೇ ಅವಳು.

ಅವಳ ಓರಗಿತ್ತಿ ಇಂತಿಸಾರ್‌ಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ಗಂಡ ಖಲಫನಿಗೆ ಇನ್ನೊಂದು ಹೆಣ್ಣು ನೋಡುವ ಮಾತನ್ನು ಹಜ್ ಮಾಡಿಬಂದ ಅತ್ತೆ ಹಾಜ್ಜಾ ತಫೀದಾ ಮೊದಲು ಪಿಸುದನಿಯಲ್ಲಿ, ಆಮೇಲೆ ಗಟ್ಟಿಯಾಗಿಯೇ ಆಡತೊಡಗಿದ್ದಳು. ಆ ಊರಲ್ಲಿ ಬಸಿರು ನಿಲ್ಲದವರು ಹಳೆಯ ಕಾಲದ ಮೂಳೆಗಳನ್ನು ಏಳು ಸಲ ದಾಟುತ್ತಾರೆ. ಕಟ್ಟಿಕೊಂಡದ್ದು ಬಿಚ್ಚಿಕೊಳ್ಳುತ್ತದೆ ಎನ್ನುತ್ತಾರೆ. ಬದ್ರಿಯಾಳ ಅಜ್ಜಿಯೂ ದಾಟಿದ್ದಳಂತೆ. ಹಾಗಾಗಿ ಚಳಿಗಾಲದ ಒಂದು ಮಧ್ಯಾಹ್ನ, ಅಗೆಯುವ ಗಂಡಸರು ಜಾಲಿಮರದ ಕೆಳಗೆ ಉಣ್ಣಲು ಕೂತಿದ್ದಾಗ, ಬದ್ರಿಯಾ ಓರಗಿತ್ತಿಯನ್ನು ಸೆರಗಿನ ಮರೆಯಲ್ಲಿ ಕರೆತಂದಿದ್ದಳು. ತೆರೆದ ಗೋರಿಗಳು ಎರಡಿದ್ದವು. ಒಂದರಲ್ಲಿ ಹಲ್ಲಿಲ್ಲದ ಮುದುಕ. ಇನ್ನೊಂದರಲ್ಲಿ ಈ ಹೆಂಗಸು, ಮಡಿಲಲ್ಲಿ ಚಿಕ್ಕ ಚಿಕ್ಕ ಮೂಳೆ. ಮಗು ಕಂಡವಳು, ಇವಳೇ ಸರಿ ಎಂದು ಬದ್ರಿಯಾಳಿಗೆ ಅನ್ನಿಸಿತ್ತು. ತಿಂಗಳು ಕಳೆಯುವುದರೊಳಗೆ ಇಂತಿಸಾರ್ ಬಸಿರಾದಳು. ಈಗ ಅವಳಿಗೆ ದಿನ ತುಂಬಿತ್ತು.

ಬದ್ರಿಯಾ ಎಲ್ಲವನ್ನೂ ಡಾಕ್ಟರಿಗೆ ಹೇಳಿಬಿಟ್ಟಳು. ಕೆಲಸ ಹೋದರೆ ಹೋಗಲಿ ಎನ್ನಿಸಿತ್ತು.

“ಸತ್ತಾಕಿ ಹತ್ರ ಏನ ಇರ್ತದ, ಅದನ್ನ ದಾಟಿದಾಕಿಗೆ ಕೊಡ್ತಾಳೇನ್ರಿ?” ಎಂದು ಕೇಳಿದಳು. “ಬಸಿರು ಕೊಟ್ಟಾಕಿ ಅದನ್ನೂ ಕೊಟ್ಟಿರಬೇಕಲ್ರಿ?”

ಡಾಕ್ಟರು ಮೊದಲು ಸಿಟ್ಟಾದರು. ಗೋರಿಯ ಮೇಲೆ ಕಾಲಿಟ್ಟಿದ್ದರೆ ಎಲ್ಲ ಹಾಳಾಗುತ್ತಿತ್ತು ಎಂದು ಗದರಿದರು. ಆಮೇಲೆ, ಮೂಳೆ ಯಾರಿಗೂ ಏನೂ ಕೊಡುವುದಿಲ್ಲ ಎಂದರು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದ್ದೀರಾ ಎಂದು ಕೇಳಿದರು. ಬದ್ರಿಯಾ ತಲೆ ಅಲ್ಲಾಡಿಸಿದಳು. ಎಂಟು ವರ್ಷದ ಮೇಲೆ ನಿಂತ ಬಸಿರು ಯಾರ ಕಣ್ಣಿಗೂ ಬೀಳಬಾರದೆಂದು ಹಾಜ್ಜಾ ಸೊಸೆಯನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಸೂಲಗಿತ್ತಿ ಮನೆಗೇ ಬಂದು ಹೊಟ್ಟೆ ಮುಟ್ಟಿ ನೋಡಿ ಹೋಗುತ್ತಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇವತ್ತೇ ಹೋಗಿ, ಎಂದರು ಡಾಕ್ಟರು.

ಹೇಳುವುದು ಸುಲಭ. ದಾರಿಯುದ್ದಕ್ಕೂ ಬದ್ರಿಯಾಳ ತಲೆ ಗೊಂದಲದ ಗೂಡಾಗಿತ್ತು. ಆ ಗೋರಿಯ ಹೆಂಗಸು ಒಳ್ಳೆಯವಳೋ ಕೆಟ್ಟವಳೋ? ಮೂಳೆ ಏನೂ ಕೊಡುವುದಿಲ್ಲ ಎಂಬುದು ನಿಜವಾದರೆ ಬಸಿರು ಎಲ್ಲಿಂದ ಬಂತು? ಕೊಡುತ್ತದೆ ಎಂಬುದು ನಿಜವಾದರೆ ಸ್ಕ್ಯಾನಿಂಗಿನಿಂದ ಏನು ಬಂದಂತಾಯಿತು? ಉಲ್ಟಾ ದಾಟಿಸಿದರೆ ಹೇಗೆ ಎಂದೂ ಯೋಚಿಸಿದಳು. ಆದರೆ ಇಂತಿಸಾರ್ ಆಗ ಯಾವ ಕಡೆಯಿಂದ ಯಾವ ಕಡೆಗೆ ದಾಟಿದ್ದಳೆಂಬುದೇ ನೆನಪಾಗಲಿಲ್ಲ. ಗಂಡಸರು ಬಂದಾರೆಂದು ಬದ್ರಿಯಾ ಮರದ ಕಡೆಗೇ ನೋಡುತ್ತ ನಿಂತಿದ್ದಳು.

ಇಂತಿಸಾರ್ ಅಂಗಳದಲ್ಲಿ ಬಿಸಿಲಿಗೆ ಉಬ್ಬಲು ಇಟ್ಟಿದ್ದ ರೊಟ್ಟಿಯ ಹಿಟ್ಟನ್ನು ಮುಟ್ಟಿ ನೋಡುತ್ತಿದ್ದಳು. ಬಸಿರಿಯ ಕಿವಿಗೆ ಇಂಥದ್ದನ್ನು ಹಾಕಬಾರದೆಂದು ಬದ್ರಿಯಾಳಿಗೆ ಗೊತ್ತಿತ್ತು. ಆದರೂ ಬಾಯಿ ತಡೆಯಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಅಳುತ್ತಿದ್ದವಳು ಅವಳೇ. ಇಂತಿಸಾರ್ ಹಿಟ್ಟಿನ ಕೈ ಒರೆಸಿಕೊಂಡಳು.

“ಆಕಿನ್ನ ನಾ ನೋಡಬೇಕು,” ಎಂದಳು.

“ಹುಚ್ಚಿ ಏನ ನೀ? ಈ ಹೊಟ್ಟಿ ಹೊತ್ಗೊಂಡು?”

“ಅವತ್ತ ಕಣ್ಣ ಮುಚ್ಚಿ ದಾಟೀನಿ ಅಕ್ಕಾ. ಆಕಿ ಮಾರಿನೂ ನೋಡಿಲ್ಲ.”

ಅಷ್ಟು ಹೊತ್ತಿಗೆ ಒಳಗಿನಿಂದ ಹಾಜ್ಜಾ ಬಂದಳು. ಎಲ್ಲಿಗೆ ಎಂದು ಕೇಳಿದಳು. ಇಂತಿಸಾರ್ ಉತ್ತರ ಕೊಡದೆ ಕಪ್ಪು ಸೆರಗು ಹೊದ್ದು ಹೊರಟಳು. ಎಂಟು ವರ್ಷದಲ್ಲಿ ಅತ್ತೆಯ ಮಾತಿಗೆ ಅವಳು ಹೀಗೆ ಬೆನ್ನು ತಿರುಗಿಸಿದ್ದು ಅದೇ ಮೊದಲು. ಹಾಜ್ಜಾ ಇಬ್ಬರಿಗೂ ಶಾಪ ಹಾಕುತ್ತ, ಕೋಲು ಊರುತ್ತ, ಅವರ ಹಿಂದೆಯೇ ಬಂದಳು. ಕಬ್ಬಿನ ಗದ್ದೆಯ ಪಕ್ಕ ಹೋಗುವಾಗ ಮಾತ್ರ, ಯಾರಾದರೂ ಕೇಳಿಸಿಕೊಂಡಾರೆಂದು ಬಾಯಿ ಮುಚ್ಚಿಕೊಂಡಳು.

ಡಾಕ್ಟರು ಬಾಗಿಲಲ್ಲಿ ತಡೆಯಲಿಲ್ಲ. ಇಂತಿಸಾರ್ ಮೇಜಿನ ಪಕ್ಕ ಬಹಳ ಹೊತ್ತು ನಿಂತಳು. ಸವೆದ ಹಲ್ಲು ನೋಡಿದಳು, ಜಡೆ ನೋಡಿದಳು. ಆಮೇಲೆ ಮಗುವಿನ ತಲೆ ಯಾವುದೆಂದು ಕೇಳಿದಳು. ಡಾಕ್ಟರು ಮೂಳೆಯವಳ ಎಡಪಕ್ಕದ ಚೂರುಗಳನ್ನು ಬೆರಳಿನಿಂದ ತೋರಿಸಿದರು.

ಇಂತಿಸಾರ್ ತನ್ನ ಹೊಟ್ಟೆಯ ಎಡಪಕ್ಕ ಕೈ ಇಟ್ಟುಕೊಂಡಳು. ಕೈಯನ್ನು ಅಲ್ಲಿಯೇ ಸ್ವಲ್ಪ ಆಡಿಸಿದಳು.

“ನನಗೂ ಇಲ್ಲೇ ಗಟ್ಟಿ ಹತ್ತತೈತ್ರಿ,” ಎಂದಳು. “ದುಂಡಗ. ಸೂಲಗಿತ್ತಿ ಗಂಡುಮಗ ಮೊಣಕಾಲ ಮಡಚಿ ಕುಂತಾನ ಅಂದಾಳ.”

ಡಾಕ್ಟರು ಅನುಮತಿ ಕೇಳಿ ಹೊಟ್ಟೆ ಮುಟ್ಟಿದರು. ಎಡಕ್ಕೆ ಮುಟ್ಟಿದರು, ಬಲಕ್ಕೆ ಮುಟ್ಟಿದರು, ಕೆಳಗೆ ಮುಟ್ಟಿದರು. ಕೆಳಗೆ ಏನೂ ಇರಲಿಲ್ಲವೆಂಬುದು ಅವರ ಮುಖದಲ್ಲೇ ಕಂಡಿತು. “ನಾನು ಹೆರಿಗೆ ಡಾಕ್ಟರಲ್ಲ,” ಎಂದರು. “ನನಗೆ ಗೊತ್ತಿರೋದು ಸತ್ತವರ ವಿಷಯ. ದಯವಿಟ್ಟು ಈಗಲೇ ಆಸ್ಪತ್ರೆಗೆ ಹೊರಡಿ. ನೋವು ಶುರುವಾಗೋ ತನಕ ಕಾಯಬೇಡಿ.”

ಎಲ್ಲರೂ ಹಾಜ್ಜಾಳ ಕಡೆ ನೋಡಿದರು. ಅವಳು ಬೇಡವೆಂದರೆ ಖಲಫ್ ತನ್ನ ಕಬ್ಬು ಸಾಗಿಸುವ ಗಾಡಿ ತೆಗೆಯುವವನಲ್ಲ; ಅಮ್ಮನ ಮಾತು ಮೀರಿ ಅವನು ಮೂಗು ಕೂಡ ಒರೆಸಿಕೊಂಡವನಲ್ಲ. ಮುದುಕಿ ಕೋಲಿನ ಮೇಲೆ ಎರಡೂ ಕೈ ಇಟ್ಟು ಮೇಜಿನತ್ತ ಬಾಗಿದ್ದಳು. ಇಷ್ಟು ಹೊತ್ತು ಬೈಯುತ್ತಿದ್ದವಳು ಈಗ ಮೂಳೆಯವಳ ಸೊಂಟವನ್ನೇ ನೋಡುತ್ತಿದ್ದಳು.

“ಯಾರೂ ಇರಲಿಲ್ಲೇನ ಇಕಿಗೆ?” ಎಂದು ಕೇಳಿದಳು. “ಅತ್ತಿ ಇರಲಿಲ್ಲೇನ?”

ಅದು ಮೂಳೆಯಿಂದ ತಿಳಿಯುವುದಿಲ್ಲ ಎಂದರು ಡಾಕ್ಟರು.

ಹಾಜ್ಜಾ ಖಲಫನಿಗೆ ಫೋನ್ ಮಾಡಲು ಬದ್ರಿಯಾಳಿಗೆ ಹೇಳಿದಳು. ಕಬ್ಬು ಇಳಿಸಿ ಬಾ ಎನ್ನಬೇಡ, ಕಬ್ಬಿನ ಸಮೇತ ಬಾ ಎನ್ನು ಎಂದಳು.

ಪಟ್ಟಣದ ಆಸ್ಪತ್ರೆಯಲ್ಲಿ ಆ ಸಂಜೆಯೇ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಸೂಲಗಿತ್ತಿ ಆಮೇಲೆ ಎರಡು ದಿನ ಆ ಬೀದಿಯಲ್ಲೇ ಸುಳಿಯಲಿಲ್ಲ.

ಮಗು ಬದುಕಿತು, ತಾಯಿ ಬದುಕಿದಳು, ಬದ್ರಿಯಾಳ ಗೊಂದಲ ಮಾತ್ರ ಬಗೆಹರಿಯಲಿಲ್ಲ. ಅಡ್ಡ ಮಲಗುವ ಮಕ್ಕಳು ಎಲ್ಲ ಕಾಲದಲ್ಲೂ ಇರುತ್ತವೆ, ಇದು ಕಾಕತಾಳೀಯ ಎಂದರು ಡಾಕ್ಟರು. ಮೂಳೆಯವಳೇ ತನ್ನನ್ನು ಕರೆದು ಎಚ್ಚರಿಸಿದಳೆಂದಳು ಇಂತಿಸಾರ್. ಬದ್ರಿಯಾ ಕೊನೆಗೆ ಹಾಜ್ಜಾಳನ್ನೇ ಕೇಳಿದಳು. ಮುದುಕಿ ಬೀನ್ಸ್ ಸುಲಿಯುತ್ತ, ತಲೆ ಎತ್ತದೆ ಹೇಳಿದಳು: “ಇದ್ದದ್ದ ಕೊಟ್ಟಾಳ ಪಾಪ. ಆಕಿ ಹತ್ರ ಬ್ಯಾರೆ ಏನಿತ್ತು ಕೊಡಾಕ?” ಅದು ಹೊಗಳಿಕೆಯೋ ದೂರೋ ಬದ್ರಿಯಾಳಿಗೆ ತಿಳಿಯಲಿಲ್ಲ.

ಏಳನೆಯ ದಿನ ಮನೆ ತುಂಬ ಜನ. ಆ ದಿನ ಮಗುವನ್ನು ಜರಡಿಯಲ್ಲಿ ಮಲಗಿಸಿ ನೆಲದ ಮೇಲಿಡುತ್ತಾರೆ, ತಾಯಿ ಅದನ್ನು ಏಳು ಸಲ ದಾಟಬೇಕು. ಮನೆಯ ಜರಡಿಯ ತಳ ಹರಿದಿತ್ತು. ಅಗೆತದ ಮನೆಯದನ್ನೇ ತಾ ಎಂದು ಹಾಜ್ಜಾ ಬೆಳಿಗ್ಗೆ ಹೇಳಿಕಳಿಸಿದ್ದಳು. ಆ ಗೋರಿಯ ಮಣ್ಣು ಜರಡಿ ಹಿಡಿದದ್ದು ಅದರಲ್ಲೇ. ಇದು ಸರಿಯೋ ತಪ್ಪೋ ಎಂದು ಬದ್ರಿಯಾಳಿಗೆ ಗೊತ್ತಾಗಲಿಲ್ಲ. ಕೇಳಲು ಧೈರ್ಯವೂ ಆಗಲಿಲ್ಲ. ಸೋಪು ಹಾಕಿ ಉಜ್ಜಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ ತಂದಳು.

ಹೆಂಗಸರು ಹಿತ್ತಾಳೆಯ ಒರಳನ್ನು ಕುಟ್ಟಿ ಸದ್ದು ಮಾಡಿದರು. ಮಕ್ಕಳು ಮೇಣದ ಬತ್ತಿ ಹಿಡಿದು ನಿಂತರು. ಹೊಲಿಗೆಯ ನೋವಿಗೆ ಬಗ್ಗಿಕೊಂಡೇ ನಡೆದುಬಂದ ಇಂತಿಸಾರ್ ಓರಗಿತ್ತಿಯ ಭುಜ ಹಿಡಿದುಕೊಂಡು ಕಾಲು ಎತ್ತಿದಳು. ಎತ್ತಿದ ಕಾಲನ್ನು ಹಾಗೆಯೇ ಕೆಳಗಿಟ್ಟಳು.

“ಯಾವ ಕಡಿಂದ ದಾಟಬೇಕ ಅಕ್ಕಾ?” ಎಂದು ಅವಳಿಗಷ್ಟೇ ಕೇಳುವಂತೆ ಕೇಳಿದಳು.

ಒರಳಿನ ಸದ್ದು ನಿಂತಿತು. ಎಲ್ಲರೂ ಕಾಯುತ್ತಿದ್ದರು. ಮಗು ಜರಡಿಯಲ್ಲಿ ತಾಯಿಗೆ ಅಡ್ಡಲಾಗಿ ಮಲಗಿ, ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ಬದ್ರಿಯಾ ಕುಕ್ಕರುಗಾಲಲ್ಲಿ ಕೂತು, ಜರಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮಗು ಏಳದಂತೆ ನಿಧಾನವಾಗಿ, ಅದರ ತಲೆ ತಾಯಿಯ ನೇರಕ್ಕೆ ಬರುವ ತನಕ ತಿರುಗಿಸಿದಳು.